ಕೇಳುವ ಮುಪ್ಪು

ಮನೆಯಲ್ಲಿ ಪ್ರಶ್ನೆ ಕೇಳಿ ಗದರಿಸಿಕೊಳ್ಳುವವರು ಎರಡು ವಯಸ್ಸಿನವರು: ಐದರೊಳಗಿನ ಮಕ್ಕಳು ಮತ್ತು ಎಪ್ಪತ್ತು ದಾಟಿದ ಹಿರಿಯರು. ಮಗುವನ್ನು ಗದರಿಸಿದ ತಾಯಿ ಮರುಗಳಿಗೆಯಲ್ಲಿ ಅದನ್ನು ಎತ್ತಿಕೊಂಡು ತನಗೆ ತಿಳಿದಷ್ಟನ್ನು ಹೇಳುತ್ತಾಳೆ. ಅವಳಿಗೆ ತಿಳಿಯದುದನ್ನು ಹೇಳಿಕೊಡಲು ಮುಂದೆ ಶಾಲೆಯೆಂಬುದು ಉಂಟು. ಮುದುಕರ ಪಾಲಿಗೆ ಈ ಎರಡೂ ಇಲ್ಲ. ಬಸವಕಲ್ಯಾಣ, ಹುಮನಾಬಾದುಗಳ ಕಡೆ ಅವರಿಗೆ ದೊರೆಯುವ ಸಿದ್ಧ ಉತ್ತರ ಒಂದೇ: “ನಿನಗ್ಯಾಕ ಬೇಕು ಮುತ್ಯಾ, ಸುಮ್ನ ಕುಂದ್ರು.” ಈ ಮಾತಿನಲ್ಲಿ ನಿಷ್ಠುರತೆ ಇದೆಯೆಂದು ಭಾವಿಸಬಾರದು. ಬದುಕೆಲ್ಲ ಹೊಲದಲ್ಲಿಯೋ ಅಂಗಡಿಯಲ್ಲಿಯೋ ದುಡಿದ ಜೀವ ಇನ್ನಾದರೂ ವಿಶ್ರಮಿಸಲಿ ಎಂಬ ಅಕ್ಕರೆಯೇ ಅದರಲ್ಲಿ ಹೆಚ್ಚು. ಆದರೆ ಈ ಅಕ್ಕರೆ ಕಾಲಿಗೆ ಕೊಡುವ ವಿಶ್ರಾಂತಿಯನ್ನು ಮೆದುಳಿಗೂ ಕೊಟ್ಟುಬಿಡುತ್ತದೆ. ಮೆದುಳಿಗೆ ಆ ಬಗೆಯ ವಿಶ್ರಾಂತಿ ಒಗ್ಗುವುದಿಲ್ಲವೆಂಬುದು ಈಚಿನ ಕೆಲವು ದಶಕಗಳ ಸಂಶೋಧನೆಯಿಂದ ವಿಶದವಾಗುತ್ತಿದೆ.

ಇನ್ನು ನಮ್ಮ ಗಾದೆ. ಅರವತ್ತಕ್ಕೆ ಅರಳುಮರಳು ಎಂದು ಅದು ಸಾರಾಸಗಟಾಗಿ ತೀರ್ಪು ಕೊಟ್ಟುಬಿಟ್ಟಿದೆ. ಆ ಗಾದೆ ಹುಟ್ಟಿದ ಕಾಲದಲ್ಲಿ ಅರವತ್ತನ್ನು ಮುಟ್ಟುತ್ತಿದ್ದವರೇ ಕೆಲವರು. ಮುಟ್ಟಿದವರು ಮಾತು ಮರೆತರೆ ಅದನ್ನು ವಯೋಧರ್ಮವೆಂದು ಬಿಟ್ಟುಬಿಡುವುದು ಸಹಜವೇ ಆಗಿದ್ದಿರಬೇಕು. ಇಂದಿನ ಸಂಗತಿ ಬೇರೆ. ಪತ್ರಿಕೆಗಳು ಮರೆಗುಳಿತನವೆಂದು ಕರೆಯುವ, ವೈದ್ಯರು ಡಿಮೆನ್ಷಿಯಾ ಎನ್ನುವ ಸ್ಥಿತಿ ಮುಪ್ಪಿನ ಸಹಜ ಗುಣವಲ್ಲ, ರೋಗಗಳ ಫಲ. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿ, ಎಂದರೆ ಸುಮಾರು ೮೮ ಲಕ್ಷ ಜನ, ಇದಕ್ಕೆ ತುತ್ತಾಗಿರುವರೆಂದು ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಅಂದಾಜು ಮಾಡಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ, ಓದು ಬಲ್ಲವರಿಗಿಂತ ಶಾಲೆಯ ಮುಖ ಕಾಣದವರಲ್ಲಿ ಅದರ ಪ್ರಮಾಣ ಹೆಚ್ಚು. ಬೀದರ ಜಿಲ್ಲೆಯ ಹಳ್ಳಿಯೊಂದರಲ್ಲಿ ಎಂಬತ್ತರ ಹತ್ತಿರವಿರುವ ಅಜ್ಜಿಯೊಬ್ಬಳನ್ನು ನೆನೆದುಕೊಳ್ಳಿ. ಬಹುತೇಕ ಆಕೆ ಈ ಮೂರು ವರ್ಗಗಳಿಗೂ ಸೇರಿದವಳು.

ವಿಚಿತ್ರವೆಂದರೆ, ಪ್ರಶ್ನೆಯನ್ನು ಗದರಿಸುವ ಈ ನೆಲವೇ ಒಮ್ಮೆ ಪ್ರಶ್ನೆಗೆ ಪೀಠ ಹಾಕಿ ಕೂರಿಸಿದ್ದಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳು. ಅಡುಗೆಯಿಂದ ಆನೆಯವರೆಗೆ, ರತ್ನಪರೀಕ್ಷೆಯಿಂದ ಒಗಟಿನವರೆಗೆ ಅವನಿಗೆ ಬೇಡವಾದ ವಿಷಯವೇ ಇದ್ದಂತೆ ಕಾಣುವುದಿಲ್ಲ. ಅದೇ ಶತಮಾನದಲ್ಲಿ ಅದೇ ಊರಿನಲ್ಲಿ ನೆರೆದ ಶರಣರ ಗೋಷ್ಠಿಯನ್ನು ‘ಶೂನ್ಯಸಂಪಾದನೆ’ ಚಿತ್ರಿಸುವ ಬಗೆಯನ್ನು ನೋಡಬೇಕು. ಅಲ್ಲಿ ಅಲ್ಲಮಪ್ರಭುವು ಬಂದವರನ್ನು ಪ್ರಶ್ನೆಯಿಂದಲೇ ಎದುರುಗೊಳ್ಳುತ್ತಾನೆ. ಉತ್ತರ ಕೊಟ್ಟವರನ್ನೂ ಅಷ್ಟಕ್ಕೇ ಬಿಡದೆ ಮತ್ತೆ ಕೇಳುತ್ತಾನೆ. ವಯಸ್ಸಾಯಿತೆಂಬ ಕಾರಣಕ್ಕೆ ಯಾರನ್ನಾದರೂ ಸುಮ್ಮನಿರಿಸಿದ ಪ್ರಸಂಗ ನನ್ನ ಓದಿಗೆ ಬಿದ್ದಿಲ್ಲ. ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ೨೦೨೧ರಲ್ಲಿ ಶಂಕುಸ್ಥಾಪನೆಯಾದಾಗ ಅದಕ್ಕೆ ಎಷ್ಟು ಕಂಬಗಳೆಂಬ ಲೆಕ್ಕ ಊರಿನ ಎಲ್ಲರ ಬಾಯಲ್ಲಿಯೂ ಇದ್ದಿತು. ಪ್ರಶ್ನೆಗಳ ಲೆಕ್ಕವನ್ನು ಯಾರೂ ಇಟ್ಟಂತೆ ಕಾಣೆ.

ಕುತೂಹಲ ಕೆರಳಿದಾಗ ಮೆದುಳಿನಲ್ಲಿ ನಡೆಯುವುದೇನು? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದ ವಿಜ್ಞಾನಿಗಳು ೨೦೧೪ರಲ್ಲಿ ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ತರುಣರಿಗೆ ಬಗೆಬಗೆಯ ಪ್ರಶ್ನೆಗಳನ್ನು ಒಡ್ಡಿ, ಯಾವುದರ ಉತ್ತರ ತಿಳಿಯಬೇಕೆಂಬ ತವಕ ಎಷ್ಟೆಂದು ಮೊದಲು ಕೇಳಿಕೊಂಡರು. ಉತ್ತರವನ್ನು ಕೂಡಲೆ ಹೇಳದೆ ಕೆಲವು ಕ್ಷಣ ಕಾಯಿಸಿ, ನಡುವೆ ಯಾವುದೋ ಅಪರಿಚಿತ ಮುಖದ ಚಿತ್ರವನ್ನು ತೋರಿಸಿದರು. ಆಮೇಲೆ ಪರೀಕ್ಷಿಸಿದಾಗ ತವಕ ಹೆಚ್ಚಿದ್ದ ಪ್ರಶ್ನೆಗಳ ಉತ್ತರವಷ್ಟೇ ಅಲ್ಲ, ಕಾಯುವ ಹೊತ್ತಿನಲ್ಲಿ ಕಂಡ ಆ ಮುಖಗಳೂ ಅವರ ನೆನಪಿನಲ್ಲಿ ಹೆಚ್ಚು ಚೆನ್ನಾಗಿ ಉಳಿದಿದ್ದುವು. ಡೋಪಮೀನ್ ಎಂಬ ರಸವನ್ನು ಸ್ರವಿಸುವ ನಡುಮೆದುಳಿನ ಭಾಗವೂ ನೆನಪಿಗೆ ಮೂಲವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗವೂ ಕುತೂಹಲದ ಹೊತ್ತಿನಲ್ಲಿ ಜೊತೆಗೂಡಿ ಚುರುಕಾಗುವುವೆಂದು ಅವರು ಕಂಡುಕೊಂಡರು. ಮಳೆಗೆ ಹದವಾದ ಹೊಲದಲ್ಲಿ ಬಿತ್ತಿದ ಜೋಳದೊಡನೆ ಬಿತ್ತದ ಹುಲ್ಲೂ ಮೊಳೆಯುವಂತೆ.

ಇದು ತರುಣರ ಮಾತಾಯಿತು. ಮುದುಕರಿಗೇನು ಎಂದು ವಾಚಕರು ಕೇಳಬಹುದು. ಮರುವರ್ಷ ಬಂದ ಇನ್ನೊಂದು ಅಧ್ಯಯನದಲ್ಲಿ ವೃದ್ಧರೂ ಇದ್ದರು. ತಮಗೆ ಆಸಕ್ತಿಯಿದ್ದ ಸಂಗತಿಯನ್ನು ಅವರು ಒಂದು ವಾರವಾದ ಮೇಲೆಯೂ ಚೆನ್ನಾಗಿ ನೆನಪಿಟ್ಟಿದ್ದರು. ಮನಸ್ಸಿಗೆ ಹತ್ತದುದನ್ನು ಬಿಟ್ಟುಬಿಟ್ಟಿದ್ದರು. ಮನೆಯವರು ಇದನ್ನೇ ಬೇರೆ ಬಗೆಯಲ್ಲಿ ಆಡುತ್ತಾರೆ: “ಮಾತ್ರೆ ತಗೊಂಡದ್ದು ನೆನಪಿಲ್ಲ, ಐವತ್ತು ವರ್ಷದ ಹಿಂದಿನ ಜಾತ್ರ್ಯಾಗ ಎತ್ತು ಎಷ್ಟಕ್ಕ ಮಾರಿತ್ತು ಅಂಬೋದು ನೆನಪದ!” ಎಂದು. ಇದರಲ್ಲಿ ಹಳೆಯ ನೆನಪು ಗಟ್ಟಿಯೆಂಬ ಅಂಶ ಒಂದು ಪಾಲು. ಆಸಕ್ತಿಯ ಪಾಲೂ ಇಲ್ಲದಿಲ್ಲ. ೨೦೨೫ರಲ್ಲಿ ಪ್ರಕಟವಾದ ಮತ್ತೊಂದು ಸಂಶೋಧನೆ ಇಪ್ಪತ್ತರಿಂದ ಎಂಬತ್ತನಾಲ್ಕರವರೆಗಿನ ವಯಸ್ಸಿನವರನ್ನು ಪರಿಶೀಲಿಸಿ ಕುತೂಹಲದಲ್ಲಿ ಎರಡು ಬಗೆಯನ್ನು ಬೇರ್ಪಡಿಸಿತು. ಎಲ್ಲವನ್ನೂ ತಿಳಿಯಬೇಕೆಂಬ ಸ್ವಭಾವ ವಯಸ್ಸಿನೊಡನೆ ಕುಂದುತ್ತದೆ. ಆದರೆ ಎದುರಿಗೆ ಬಂದ ಒಂದು ನಿರ್ದಿಷ್ಟ ಪ್ರಶ್ನೆಯ ಉತ್ತರಕ್ಕಾಗಿ ಹುಟ್ಟುವ ತವಕ ನಡುವಯಸ್ಸಿನವರೆಗೆ ಇಳಿದು, ಅನಂತರ ಏರತೊಡಗಿ, ಮುಪ್ಪಿನಲ್ಲಿಯೂ ಏರುತ್ತಲೇ ಹೋಗುತ್ತದೆ. ಸಂಸಾರದ ಭಾರ ಹೊತ್ತ ನನ್ನಂಥ ನಲವತ್ತರವರಿಗಿಂತ ಎಪ್ಪತ್ತರವರು ಹೆಚ್ಚು ಪ್ರಶ್ನೆ ಕೇಳುವುದೇಕೆಂದು ಇದರಿಂದ ತಿಳಿಯುತ್ತದೆ. ಅವರನ್ನು ಗದರಿಸುವವರು ನಲವತ್ತರವರೇ ಏಕೆಂಬುದೂ ತಿಳಿಯುತ್ತದೆ.

ಮೆದುಳಿನ ಆರೋಗ್ಯಕ್ಕೆ ಇದರಿಂದ ಆಗುವ ಲಾಭವನ್ನು ವಿವರಿಸಲು ವಿಜ್ಞಾನಿಗಳು ಒಂದು ಬಗೆಯ ಮೀಸಲು ನಿಧಿಯ ಮಾತನ್ನು ಆಡುತ್ತಾರೆ. ನಮ್ಮ ರೈತರಿಗೆ ಅದನ್ನು ಹಗೇವಿನ ಹೋಲಿಕೆಯಿಂದ ಹೇಳಬಹುದು. ಸುಗ್ಗಿಯಲ್ಲಿ ನೆಲದೊಳಗಿನ ಹಗೇವಿಗೆ ಜೋಳ ತುಂಬಿಟ್ಟ ಮನೆಗೂ ಬರ ಬರುತ್ತದೆ, ಆದರೆ ಹಸಿವು ತಡವಾಗಿ ಬರುತ್ತದೆ. ಅಮೆರಿಕದಲ್ಲಿ ಡೇವಿಡ್ ಸ್ನೋಡನ್ ಎಂಬ ವಿಜ್ಞಾನಿ ೧೯೮೬ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ೬೭೮ ಕ್ರೈಸ್ತ ಸನ್ಯಾಸಿನಿಯರು ಪಾಲುಗೊಂಡು, ತಮ್ಮ ಮರಣಾನಂತರ ಮೆದುಳನ್ನು ಪರೀಕ್ಷೆಗೆ ಒಪ್ಪಿಸಿದರು. ಅವರಲ್ಲಿ ಸಿಸ್ಟರ್ ಮೇರಿ ಎಂಬಾಕೆ ನೂರೊಂದು ವರ್ಷ ಬದುಕಿ, ಕೊನೆಯವರೆಗೂ ಬುದ್ಧಿಪರೀಕ್ಷೆಗಳಲ್ಲಿ ಚೆನ್ನಾಗಿ ಉತ್ತರಿಸುತ್ತಿದ್ದರು. ಆಕೆಯ ಮೆದುಳನ್ನು ತೆರೆದಾಗ ಅಲ್ಲಿ ಆಲ್ಝೈಮರ್ ರೋಗದ ಗುರುತುಗಳು ತುಂಬಿದ್ದುವು! ರೋಗ ಬಂದಿದ್ದಿತು, ಆದರೆ ಆಕೆಯ ಬದುಕಿಗೆ ಅದು ತಟ್ಟಿರಲಿಲ್ಲ. ಓದು, ಪಾಠ, ಸಂಘಜೀವನಗಳಲ್ಲಿ ತೊಡಗಿದ ಮೆದುಳು ಒಂದು ದಾರಿ ಕಟ್ಟಿದರೆ ಇನ್ನೊಂದನ್ನು ಹುಡುಕಿಕೊಳ್ಳುತ್ತದೆಂಬುದು ಇದಕ್ಕೆ ಕೊಡುವ ವಿವರಣೆ.

ಸನ್ಯಾಸಿನಿಯರ ಕಥೆ ದೂರದ್ದು. ಹುಮನಾಬಾದಿನ ಮೂಲಕ ಹಾಯುವ ಹೆದ್ದಾರಿ ಹೋಗಿ ಮುಟ್ಟುವ ಹೈದರಾಬಾದಿನಲ್ಲಿಯೇ ಇದಕ್ಕಿಂತ ನಮಗೆ ಹತ್ತಿರವಾದ ಕೆಲಸ ನಡೆದಿದೆ. ಅಲ್ಲಿನ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿದ್ದ ಡಾ. ಸುವರ್ಣಾ ಅಲ್ಲಾಡಿ (ಅನಂತರ ಅವರು ಬೆಂಗಳೂರಿನ ನಿಮ್ಹಾನ್ಸ್ ಸೇರಿದರು) ಮತ್ತು ಸಂಗಡಿಗರು ೬೪೮ ಮಂದಿ ಮರೆಗುಳಿ ರೋಗಿಗಳನ್ನು ಪರಿಶೀಲಿಸಿ ೨೦೧೩ರಲ್ಲಿ ವರದಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಕಾಣಿಸಿಕೊಂಡದ್ದು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ. ಓದು ಬರಹ ಕಲಿಯದವರಲ್ಲಿಯೂ ಈ ಅಂತರ ಕಂಡುಬಂದದ್ದು ವಿಶೇಷ. ಎರಡಕ್ಕಿಂತ ಹೆಚ್ಚು ಭಾಷೆಗಳಿಂದ ಇನ್ನೂ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಬೇರೆ ದೇಶಗಳ ಕೆಲವು ಅಧ್ಯಯನಗಳು ಇದನ್ನು ಸಂಪೂರ್ಣವಾಗಿ ಸಮರ್ಥಿಸಿಲ್ಲವೆಂಬುದನ್ನೂ ಹೇಳಬೇಕು. ಆದರೂ ಆ ರೋಗಿಗಳು ಆಡುತ್ತಿದ್ದ ತೆಲುಗು, ದಖ್ಖನಿ, ಹಿಂದಿಗಳ ಬೆರಕೆಯನ್ನು ಕೇಳಿದರೆ ನಮ್ಮ ಸಂತೆಯೇ ನೆನಪಾಗುತ್ತದೆ. ಇಲ್ಲಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು, ಬೀಗರ ಊರಿನಲ್ಲಿ ಮರಾಠಿ. ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ನೆಲೆಸಿದ ಮಾಣಿಕಪ್ರಭುಗಳು (೧೮೧೭–೧೮೬೫) ಮರಾಠಿ, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಪದಗಳನ್ನು ಹಾಡಿದುದು ಈ ನೆಲದ ಗುಣಕ್ಕೆ ತಕ್ಕುದೇ ಆಗಿದೆ.

ಈ ಭಾಷಾಸಂಪತ್ತಿನಲ್ಲಿ ನೋವಿನ ಎಳೆಯೊಂದು ಇದೆ. ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಭಾಷೆ ಉರ್ದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂದು ಇಲ್ಲಿಯ ಜನ ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ೧೯೪೮ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಮುಗಿಯಿತು. ೧೯೫೬ರ ನವೆಂಬರಿನಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಉರ್ದುವಿನಲ್ಲಿ ಅಕ್ಷರ ಕಲಿತ ಒಂದು ತಲೆಮಾರು ಬೆಳೆದ ಮೇಲೆ ತನ್ನ ತಾಯ್ನುಡಿಯ ಅಕ್ಷರವನ್ನು ಮೊದಲಿನಿಂದ ತಿದ್ದಬೇಕಾಯಿತು. ಆ ತಲೆಮಾರಿನವರು ಈಗ ಬೆರಳೆಣಿಕೆಯಷ್ಟು ಉಳಿದಿದ್ದಾರೆ.

ಅವರಲ್ಲಿ ಒಬ್ಬರು ಹುಮನಾಬಾದಿನಲ್ಲಿ ನನಗೆ ಪರಿಚಿತರು. ವಯಸ್ಸು ಎಂಬತ್ತೇಳು ದಾಟಿದೆ. ಎಳವೆಯಲ್ಲಿ ಉರ್ದು ಶಾಲೆ; ಇಪ್ಪತ್ತರ ಹೊತ್ತಿಗೆ ಗುಮಾಸ್ತರಾಗಿ ಸೇರಿದ ಕಚೇರಿಯಲ್ಲಿ ಕನ್ನಡ ಅಕ್ಷರಾಭ್ಯಾಸ. ನಿವೃತ್ತರಾದ ದಿನದಿಂದ ಅವರು ಒಂದು ಉದ್ದ ರೂಲಿನ ಪುಸ್ತಕವನ್ನು ಇಟ್ಟಿದ್ದಾರೆ. ಅದು ಎರಡೂ ಕಡೆಯಿಂದ ಆರಂಭವಾಗುತ್ತದೆ. ಕನ್ನಡದ ಪುಟಗಳು ಎಡದಿಂದ, ಉರ್ದುವಿನ ಪುಟಗಳು ಬಲದಿಂದ. ನಡುವೆ ಎಲ್ಲಿಯೋ ಎರಡೂ ಕೂಡುತ್ತವೆ. ಕೂಡಿದೊಡನೆ ಹೊಸ ಪುಸ್ತಕ. ಹೀಗೆ ಹನ್ನೊಂದು ಪುಸ್ತಕಗಳಾಗಿವೆ. ಅದರಲ್ಲಿರುವುದು ಶಬ್ದಗಳು ಮತ್ತು ಪ್ರಶ್ನೆಗಳು. ಅರ್ಜಿ, ತಾರೀಖು, ಜಮೀನು, ರಶೀದಿ, ಹಾಜರಿ, ತಮ್ಮದೇ ವೃತ್ತಿಯ ಹೆಸರಾದ ಗುಮಾಸ್ತ, ಇವೆಲ್ಲ ಯಾವ ದೇಶದಿಂದ ಯಾವ ದಾರಿಯಲ್ಲಿ ಬಂದು ಕನ್ನಡದ ಉಡುಪು ತೊಟ್ಟುವೆಂಬುದು ಅವರ ಬಗೆಹರಿಯದ ಬೆರಗು.

ಒಮ್ಮೆ ಅವರು ನನ್ನನ್ನು ತಡೆದು, “ಅರ್ಜಿ ಬರೂಕಿಂತ ಮೊದಲ ನಮ್ಮ ಮಂದಿ ದೊರಿಗೋಳಿಗೆ ಏನು ಕೊಡತಿದ್ರು ಸರ್?” ಎಂದು ಕೇಳಿದರು. ಬಿನ್ನಪ ಎಂದೆ, ಬಿನ್ನವತ್ತಳೆ ಎಂಬುದೂ ಉಂಟೆಂದೆ. ಅವರು ಬಹಳ ಸಂತೋಷದಿಂದ ಬರೆದುಕೊಂಡರು. ಬಿನ್ನಪವು ಸಂಸ್ಕೃತದ ವಿಜ್ಞಾಪನದಿಂದ ಬಂದ ತದ್ಭವವೆಂದು ನಾನು ಮಾತನ್ನು ಪೂರ್ತಿಗೊಳಿಸುವುದರೊಳಗೆ ಪೆನ್ನು ನಿಂತಿತು. “ಹಂಗಾದ್ರ ಅದೂ ಎರವಲೇ ಆಯ್ತಲ್ರೀ!” ಎಂದು ಅವರು ನಕ್ಕ ನಗೆಗೆ ಪಕ್ಕದ ಚಹಾ ಅಂಗಡಿಯವರು ತಿರುಗಿ ನೋಡಿದರು. ಆ ದಿನ ನಾನು ತರಗತಿಗೆ ಹೋಗಿ ವಿದ್ಯಾರ್ಥಿಗಳಿಗೆ ಅದೇ ಪ್ರಶ್ನೆಯನ್ನು ಕೇಳಿದೆ. ಇಪ್ಪತ್ತು ವರ್ಷದವರಲ್ಲಿ ಒಬ್ಬರಿಗೂ ಅದು ಪ್ರಶ್ನೆಯೆಂದು ತೋರಲಿಲ್ಲ; ಪರೀಕ್ಷೆಗೆ ಬರುತ್ತದೆಯೇ ಎಂದು ಒಬ್ಬ ಕೇಳಿದ, ಅಷ್ಟೇ.

ಶಬ್ದದ ಕುತೂಹಲ ಆಯುಸ್ಸಿನ ಕೊನೆಯವರೆಗೂ ಬಾಡದೆ ಉಳಿಯಬಲ್ಲದೆಂಬುದಕ್ಕೆ ಕನ್ನಡಿಗರ ಕಣ್ಣೆದುರಿಗೇ ಜಿ. ವೆಂಕಟಸುಬ್ಬಯ್ಯನವರ ನಿದರ್ಶನವಿದೆ. ೧೯೧೩ರಲ್ಲಿ ಹುಟ್ಟಿದ ಅವರು ‘ಇಗೋ ಕನ್ನಡ’ ಎಂಬ ಅಂಕಣವನ್ನು ಆರಂಭಿಸಿದ್ದು ೧೯೯೧ರಲ್ಲಿ. ಎಂದರೆ ಎಪ್ಪತ್ತೆಂಟರ ಸುಮಾರಿನಲ್ಲಿ. ಆ ಅಂಕಣದ ಬೆನ್ನೆಲುಬು ಓದುಗರ ಪ್ರಶ್ನೆ. ನಾಡಿನ ಮೂಲೆಮೂಲೆಗಳಿಂದ ಬಂದ ಶಬ್ದಸಂದೇಹಗಳಿಗೆ ಉತ್ತರ ಹುಡುಕುತ್ತ ಹೋದ ಅವರು ತೊಂಬತ್ತೇಳರಲ್ಲಿ, ೨೦೧೧ರ ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳಿತರು. ೨೦೨೧ರಲ್ಲಿ ತೀರಿಕೊಂಡಾಗ ನೂರೇಳು. ಶಿವರಾಮ ಕಾರಂತರೂ ತೊಂಬತ್ತು ದಾಟಿದ ಮೇಲೆ ಹಕ್ಕಿಗಳನ್ನು ಕುರಿತು ಪುಸ್ತಕ ಬರೆಯಲು ಕುಳಿತವರು. ಇಂಥ ಹೆಸರುಗಳನ್ನು ಹೇಳಿದಾಗ, ಅವರು ಅಸಾಧಾರಣರು, ನಮ್ಮಂಥವರಿಗೆ ಅದು ಎಲ್ಲಿಯದು ಎಂದು ತಳ್ಳಿಹಾಕುವುದು ಸುಲಭ. ನನಗೆ ಮುಖ್ಯವಾಗಿ ತೋರುವುದು ಬೇರೆ: ವೆಂಕಟಸುಬ್ಬಯ್ಯನವರನ್ನು ಪ್ರತಿವಾರ ಯಾರಾದರೊಬ್ಬರು ಏನಾದರೊಂದನ್ನು ಕೇಳುತ್ತಿದ್ದರು. ಕಟ್ಟೆಯ ಮೇಲಿನ ನಮ್ಮ ಮುತ್ಯಾನನ್ನು ಕೇಳುವವರೂ ಇಲ್ಲ, ಅವನು ಕೇಳಿದರೆ ಹೇಳುವವರೂ ಇಲ್ಲ.

ಹೆಂಗಸರ ವಿಷಯಕ್ಕೆ ಬಂದರೆ ಇದು ಇನ್ನೂ ಕಠಿಣ. ಡೆನಿಸ್ ಪಾರ್ಕ್ ಎಂಬಾಕೆ ಅಮೆರಿಕದ ಡಲ್ಲಾಸ್ ನಗರದಲ್ಲಿ ಅರವತ್ತರಿಂದ ತೊಂಬತ್ತು ವರ್ಷದವರೆಗಿನ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಸೇರಿಸಿ ಮಾಡಿದ ಪ್ರಯೋಗ ೨೦೧೪ರಲ್ಲಿ ಪ್ರಕಟವಾಯಿತು. ಕೆಲವರಿಗೆ ಛಾಯಾಚಿತ್ರಣ ಕಲಿಸಿದರು, ಕೆಲವರಿಗೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ನಮ್ಮ ಕೌದಿಯಂಥ ಕಲೆಯನ್ನು. ಇನ್ನು ಕೆಲವರನ್ನು ಬರಿಯ ಮಾತುಕತೆ, ವಿನೋದಗಳಲ್ಲಿ ತೊಡಗಿಸಿದರು. ವಾರಕ್ಕೆ ಹದಿನೈದು ಗಂಟೆಯಷ್ಟು, ಮೂರು ತಿಂಗಳ ಕಾಲ. ಹೊಸತನ್ನು ಕಲಿತವರ ನೆನಪು ಸುಧಾರಿಸಿತು, ಛಾಯಾಚಿತ್ರಣ ಕಲಿತವರಲ್ಲಿ ಹೆಚ್ಚಾಗಿ. ಸುಮ್ಮನೆ ಕೂಡಿ ಹರಟಿದವರಿಗೆ ಅಷ್ಟು ಲಾಭ ಕಾಣಲಿಲ್ಲ. ಇದನ್ನು ಓದಿದಾಗ ಬಸವಕಲ್ಯಾಣದ ಓಣಿಯೊಂದರಲ್ಲಿ ಹಳೆಯ ಸೀರೆ, ಧೋತರಗಳನ್ನು ಮಡಿಸಿ ಕೌದಿ ಹೊಲಿಯುವ ಆಯಿಯೊಬ್ಬರು ಕಣ್ಣ ಮುಂದೆ ಬಂದರು. ಆದರೆ ಡಲ್ಲಾಸಿನವರಿಗೆ ಹೊಸತಾದ ಕೌದಿ ಈಕೆಗೆ ಅರವತ್ತು ವರ್ಷದ ರೂಢಿ. ಕಣ್ಣು ಮುಚ್ಚಿಯೂ ಸೂಜಿ ಓಡುತ್ತದೆ. ಆಕೆಗೆ ಹೊಸತು ಮೊಮ್ಮಗಳ ಕೈಯಲ್ಲಿರುವ ಮೊಬೈಲು. ತಾನು ಹೊಲಿದ ಕೌದಿಯ ಪಟವನ್ನು ತಾನೇ ತೆಗೆಯುವುದು ಹೇಗೆಂದು ಆಕೆ ಮೂರು ತಿಂಗಳು ಬಿಡದೆ ಕೇಳಿ ಕಲಿತಿದ್ದಾರೆ. ಮೊದಮೊದಲು ಪಟದಲ್ಲಿ ಬರುತ್ತಿದ್ದುದು ಆಕೆಯ ಹೆಬ್ಬೆರಳು. ಈಗ ಕೌದಿಯ ನಾಲ್ಕು ಮೂಲೆಗಳೂ ಬರುತ್ತವೆ, ಒಮ್ಮೊಮ್ಮೆ ಹೆಬ್ಬೆರಳೂ ಬರುತ್ತದೆ.

ರೂಢಿಯಾದ ಕೆಲಸಕ್ಕೂ ಕುತೂಹಲಕ್ಕೂ ಇರುವ ಈ ಅಂತರವನ್ನು ಓದುಬಲ್ಲವರೂ ಮರೆಯುವುದುಂಟು. ನಿವೃತ್ತ ಮಿತ್ರರು ಹಲವರು ದಿನವೂ ಪದಬಂಧ ತುಂಬುತ್ತಾರೆ. ಕಮಲಕ್ಕೆ ಮೂರಕ್ಷರದ ಇನ್ನೊಂದು ಹೆಸರು ಹತ್ತು ವರ್ಷದಿಂದ ಅವರಿಗೆ ಬಾಯಿಪಾಠ. ಅದಕ್ಕಿಂತ, ೨೦೧೭ರಲ್ಲಿ ಬೀದರ–ಕಲಬುರಗಿ ರೈಲು ಹುಮನಾಬಾದಿನ ಮೂಲಕ ಓಡತೊಡಗಿದ ಹೊಸದರಲ್ಲಿ ನಿಲ್ದಾಣದ ಬೇಲಿಗೆ ಒರಗಿ, ಗಾಡಿ ಯಾವ ಊರಿನಿಂದ 'ಬಂತು', ಒಂಟಿ ಹಳಿಯ ಮೇಲೆ ಎದುರು ಗಾಡಿ ಬಂದರೆ ಏನು ಮಾಡುತ್ತಾರೆ ಎಂದು ವಾದಿಸುತ್ತಿದ್ದ ರೈತ ಮುದುಕರ ಮೆದುಳಿಗೆ ಹೆಚ್ಚಿನ ಕೆಲಸ ದೊರೆತಿದ್ದಿತೆಂದೇ ನನ್ನ ಎಣಿಕೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳೆಂಬ ಒಳ್ಳೆಯ ಹೆಸರು ಪಡೆದಿವೆ. ಅಲ್ಲಿನ ಕುರ್ಚಿಗಳು ಸ್ಪರ್ಧಾತ್ಮಕ ಪರೀಕ್ಷೆಯ ತರುಣರಿಗೆ ಸಲ್ಲುವುದು ನ್ಯಾಯವೇ. ಮಧ್ಯಾಹ್ನದ ಒಂದು ಗಂಟೆಯನ್ನು ಮುದುಕರ ಪ್ರಶ್ನೆಗೆಂದು ಬಿಟ್ಟು, ಅದೇ ತರುಣರನ್ನು ಉತ್ತರ ಹುಡುಕಲು ಕೂರಿಸಿದರೆ ಎರಡು ಕಡೆಯವರಿಗೂ ನಷ್ಟವಾಗದು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು ಅಗತ್ಯ. ಕುತೂಹಲ ಔಷಧವಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎಪ್ಪತ್ತರ ಆಸುಪಾಸಿನ ಸಾವಿರಕ್ಕೂ ಹೆಚ್ಚು ಗಂಡಸರನ್ನು ಐದು ವರ್ಷ ಗಮನಿಸಿ ೧೯೯೬ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬದುಕಿ ಉಳಿದವರ ಕುತೂಹಲ ತೀರಿಕೊಂಡವರದಕ್ಕಿಂತ ಮೊದಲೇ ಹೆಚ್ಚಾಗಿದ್ದಿತು ಎಂದು ಕಂಡುಬಂದಿತು. ಆದರೆ ಕುತೂಹಲವಿದ್ದುದರಿಂದ ಆರೋಗ್ಯ ಉಳಿಯಿತೋ, ಒಳಗೇ ಆರೋಗ್ಯ ಕುಂದುತ್ತಿದ್ದುದರಿಂದ ಕುತೂಹಲ ಮೊದಲು ಬಾಡಿತೋ ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಎರಡನೆಯ ಸಾಧ್ಯತೆ ಮನೆಯವರಿಗೆ ಬಹಳ ಮುಖ್ಯವಾದುದು. ಸದಾ ಕೇಳುತ್ತಿದ್ದ ಹಿರಿಯರು ಕೆಲವೇ ತಿಂಗಳಲ್ಲಿ ಕೇಳುವುದನ್ನು ಬಿಟ್ಟರೆ, ಯಾವುದರಲ್ಲಿಯೂ ಮನಸ್ಸಿಲ್ಲದವರಾದರೆ, ಮುತ್ಯಾ ಈಗ ತಣ್ಣಗಾಗಿದ್ದಾನೆಂದು ಸಮಾಧಾನಪಟ್ಟುಕೊಳ್ಳುವ ಬದಲು ವೈದ್ಯರಿಗೆ ತೋರಿಸಬೇಕು. ಮರೆಗುಳಿ ರೋಗದ ಮೊದಲ ಗುರುತುಗಳಲ್ಲಿ ಈ ನಿರಾಸಕ್ತಿಯೂ ಒಂದು. ಮನಸ್ಸಿನ ಖಿನ್ನತೆಯೂ ಆಗಿರಬಹುದು, ಅದಕ್ಕೆ ಚಿಕಿತ್ಸೆಯುಂಟು. ಎಷ್ಟೋ ವೇಳೆ ಕಾರಣ ಇನ್ನೂ ಸರಳ: ಕಿವಿ ಕೇಳಿಸದು, ಕಣ್ಣಿಗೆ ಪೊರೆ ಬಂದಿದೆ. ಉತ್ತರ ಕೇಳಿಸದವನು ಪ್ರಶ್ನೆಯನ್ನಾದರೂ ಏಕೆ ಹಾಕಿಯಾನು? ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ತಜ್ಞರ ಮಂಡಲಿ ೨೦೨೪ರಲ್ಲಿ ಮರೆಗುಳಿತನಕ್ಕೆ ದಾರಿ ಮಾಡುವ, ಆದರೆ ತಿದ್ದಬಹುದಾದ ಹದಿನಾಲ್ಕು ಕಾರಣಗಳನ್ನು ಹೆಸರಿಸಿತು. ಚಿಕ್ಕಂದಿನಲ್ಲಿ ಓದು ದೊರೆಯದಿರುವುದು, ಕಿವುಡು, ದೃಷ್ಟಿದೋಷ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಒಂಟಿತನಗಳು ಅವುಗಳಲ್ಲಿ ಸೇರಿವೆ. ಎಲ್ಲವನ್ನೂ ಸರಿಪಡಿಸಿದರೆ ನೂರಕ್ಕೆ ೪೫ರಷ್ಟು ರೋಗವನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಅದರ ಲೆಕ್ಕ. ಬಿ.ಪಿ. ಮಾತ್ರೆಯನ್ನು ಬಿಟ್ಟು ಶಬ್ದಕೋಶ ಹಿಡಿದರೆ ಪ್ರಯೋಜನವಿಲ್ಲ.

ಹುಮನಾಬಾದಿನ ನನ್ನ ಹಿರಿಯ ಪರಿಚಿತರು ಮಾತ್ರೆಯನ್ನೂ ಬಿಟ್ಟಿಲ್ಲ, ಶಬ್ದಕೋಶವನ್ನೂ ಬಿಟ್ಟಿಲ್ಲ. ಹೋದ ವಾರ ಅವರ ಹನ್ನೊಂದನೆಯ ಪುಸ್ತಕದಲ್ಲಿ ಒಂದು ಹೊಸ ಪ್ರಶ್ನೆ ಸೇರಿದೆ. ಹುಮನಾಬಾದ ತಾಲ್ಲೂಕಿನ ಜಲಸಂಗಿಯ ಚಾಲುಕ್ಯ ಗುಡಿಯ ಹೊರಗೋಡೆಯಲ್ಲಿ, ಕಲ್ಲಿನ ಮೇಲೆ ಶಾಸನ ಬರೆಯುತ್ತಿರುವ ಸುಂದರಿಯ ವಿಗ್ರಹವೊಂದಿದೆ. ಆಕೆ ಬರೆಯುತ್ತಿರುವುದು ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ. ನಾಡಿನ ವಿದ್ವಾಂಸರು ಆ ಶಿಲ್ಪದ ಭಂಗಿಯನ್ನೂ ಶ್ಲೋಕದ ಅರ್ಥವನ್ನೂ ವರ್ಣಿಸಿದ್ದಾರೆ. ಇವರಿಗೆ ಬೇಕಾದುದು ಅದಲ್ಲ. “ಆಕಿ ಬರೀಲತ್ತಿದ್ದು ಯಾವ ಅಕ್ಷರದ ಮ್ಯಾಲ ಬಂದು ನಿಂತದ ಸರ್? ಸಾಲು ಮುಗದದೋ, ಇನ್ನಾ ಬರೀಬೇಕಾಗ್ಯದೋ?” ಮೊದಲು ಬಲದಿಂದ ಎಡಕ್ಕೂ ಆಮೇಲೆ ಎಡದಿಂದ ಬಲಕ್ಕೂ ಬರೆಯಲು ಕಲಿತ ಕೈಗೆ ಮಾತ್ರ ಹುಟ್ಟಬಲ್ಲ ಪ್ರಶ್ನೆಯಿದು. ಆ ಶಿಲ್ಪವನ್ನು ನಾನು ವಿದ್ಯಾರ್ಥಿಗಳಿಗೆ ಹಲವು ಸಲ ತೋರಿಸಿದ್ದೇನೆ. ಲೇಖನಿಯ ತುದಿ ಯಾವ ಅಕ್ಷರದ ಮೇಲಿದೆಯೆಂದು ನೋಡಿಲ್ಲ. ಬರುವ ಭಾನುವಾರ ಬೆಳಗಿನ ಬಿಸಿಲು ಏರುವ ಮುನ್ನ ಹೋಗುವುದೆಂದು ಗೊತ್ತುಮಾಡಿದ್ದೇವೆ. ಅವರ ಮೊಮ್ಮಗ ಆಟೊ ತರುತ್ತಾನೆ. ಭೂತಗನ್ನಡಿ ನನ್ನ ಪಾಲಿಗೆ ಬಂದಿದೆ.